ನಿರ್ವಹಣಾಶಾಸ್ತ್ರದ ಬೇರುಗಳು

ಹತ್ತು ಜನ ಸೇರಿ ಒಂದು ಕೆಲಸವನ್ನು ಮಾಡಬೇಕಾದಾಗ ಕೆಲವು ಪ್ರಶ್ನೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಯಾವ ಕೆಲಸ ಮೊದಲು, ಯಾವುದು ಅನಂತರ? ಯಾರು ಏನನ್ನು ಮಾಡಬೇಕು? ಯಾರ ಮಾತನ್ನು ಯಾರು ಕೇಳಬೇಕು? ತಪ್ಪಿದವರನ್ನು ತಿದ್ದುವವರು ಯಾರು? ಬಂದ ಫಲವನ್ನು ಹಂಚಿಕೊಳ್ಳುವ ಬಗೆ ಹೇಗೆ? ಮದುವೆಯ ಮನೆಯಲ್ಲಿ, ಊರ ಜಾತ್ರೆಯಲ್ಲಿ, ದೊಡ್ಡ ಕಾರ್ಖಾನೆಯಲ್ಲಿ, ರಾಜ್ಯದ ಆಡಳಿತದಲ್ಲಿ - ಎಲ್ಲೆಡೆಯೂ ಈ ಪ್ರಶ್ನೆಗಳು ಒಂದೇ. ಇವುಗಳಿಗೆ ಕ್ರಮಬದ್ಧವಾಗಿ ಉತ್ತರವನ್ನು ಹುಡುಕುವ ವಿದ್ಯೆಗೆ ಇಂದು ನಿರ್ವಹಣಾಶಾಸ್ತ್ರವೆಂದು ಹೆಸರು. ಈ ಶಾಸ್ತ್ರವನ್ನು ಬೋಧಿಸುವುದಕ್ಕಾಗಿಯೇ 1973ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ದೇಶದ ಮೂಲೆಮೂಲೆಗಳಿಂದ ತರುಣ ತರುಣಿಯರು ಅಲ್ಲಿಗೆ ಬಂದು ಕಲಿಯುತ್ತಾರೆ.

ಈ ಶಾಸ್ತ್ರದ ಹೆಸರು ಹೊಸದು. ಅದು ಪಾಶ್ಚಾತ್ಯ ದೇಶಗಳ ಕಾರ್ಖಾನೆಗಳಲ್ಲಿ ರೂಪುಗೊಂಡಿತೆಂಬುದೂ ನಿಜ. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರು 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಉಕ್ಕಿನ ಕಾರ್ಖಾನೆಯಲ್ಲಿ ಸಲಿಕೆ ಹಿಡಿದು ದುಡಿಯುವ ಕೂಲಿಗಾರರನ್ನು ಅವನು ಗಡಿಯಾರ ಹಿಡಿದು ಗಮನಿಸಿದ್ದನು. ಒಂದು ಸಲಕ್ಕೆ ಸುಮಾರು 21 ಪೌಂಡು ಭಾರವನ್ನು ಎತ್ತಿದರೆ ಆಳು ಬೇಗ ದಣಿಯದೆ ದಿನದ ಕೊನೆಗೆ ಅತಿ ಹೆಚ್ಚು ಕೆಲಸ ಮಾಡಬಲ್ಲನೆಂದು ಕಂಡುಕೊಂಡನು. ಆದುದರಿಂದ ಭಾರವಾದ ಅದಿರಿಗೆ ಚಿಕ್ಕ ಸಲಿಕೆಯನ್ನೂ ಹಗುರವಾದ ಪದಾರ್ಥಕ್ಕೆ ದೊಡ್ಡ ಸಲಿಕೆಯನ್ನೂ ಕೊಡಿಸಿದನು. ಫ್ರಾನ್ಸ್ ದೇಶದ ಹೆನ್ರಿ ಫಯೋಲ್ ಗಣಿ ಎಂಜಿನಿಯರನಾಗಿದ್ದು ದೊಡ್ಡದೊಂದು ಗಣಿ ಕಂಪನಿಯನ್ನು ಮೂವತ್ತು ವರ್ಷ ನಡೆಸಿದವನು. ಅವನು 1916ರಲ್ಲಿ ನಿರ್ವಹಣೆಯ ಹದಿನಾಲ್ಕು ಸೂತ್ರಗಳನ್ನು ಲೋಕದ ಮುಂದಿಟ್ಟನು. ಶ್ರಮವಿಭಜನೆ, ಅಧಿಕಾರದೊಡನೆ ಹೊಣೆಗಾರಿಕೆ, ಶಿಸ್ತು, ಒಬ್ಬನಿಗೆ ಒಬ್ಬನೇ ಮೇಲಧಿಕಾರಿ, ಸ್ವಹಿತಕ್ಕಿಂತ ಸಮೂಹದ ಹಿತ ಮುಖ್ಯ, ನ್ಯಾಯದೃಷ್ಟಿ ಮುಂತಾದವು ಆ ಸೂತ್ರಗಳಲ್ಲಿ ಸೇರಿವೆ.

ಆದರೆ ಶಾಸ್ತ್ರವು ಹುಟ್ಟುವುದಕ್ಕೆ ಮೊದಲು ಅದರ ವಿಷಯವು ಇರಲಿಲ್ಲವೆಂದು ಭಾವಿಸುವುದು ಸರಿಯಲ್ಲ. ವ್ಯಾಕರಣ ಹುಟ್ಟುವ ಮೊದಲೂ ಜನ ಮಾತನಾಡುತ್ತಿದ್ದರು. ಹಾಗೆಯೇ ಟೇಲರ್, ಫಯೋಲರಿಗಿಂತ ಎಷ್ಟೋ ಶತಮಾನಗಳ ಮೊದಲು ಜನರು ಕೂಡಿ ದುಡಿದರು, ಲೆಕ್ಕವಿಟ್ಟರು, ಹಂಚಿಕೊಂಡರು, ಜಗಳವಾಡಿದರು, ಜಗಳವನ್ನು ತೀರಿಸಿಕೊಂಡರು. ಈ ಅನುಭವದ ಬೇರುಗಳನ್ನು ನೋಡಬೇಕೆನ್ನುವವರು ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಬಂದರೂ ಸಾಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಇವೇ ಆ ತಾಲ್ಲೂಕುಗಳು.

ಇದು ಬಂಡೆಯ ಬೆಟ್ಟಗಳ ನಾಡು. ಮಳೆ ಕಡಮೆಯಾದ ಬಯಲುಸೀಮೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳ ಮೂಲಕ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಪಿನಾಕಿನಿಯೇ ನಾಗಲಮಡಿಕೆಯ ಬಳಿ ಪಾವಗಡದ ನೆಲವನ್ನು ಮುಟ್ಟಿ ಮುಂದೆ ಸಾಗುತ್ತದೆ. ನದಿಗಳೆಂಬ ಹೆಸರು ಇವಕ್ಕಿದ್ದರೂ ವರ್ಷದ ಬಹು ತಿಂಗಳು ಇವುಗಳಲ್ಲಿ ಕಾಣುವುದು ಮರಳೇ ಹೊರತು ನೀರಲ್ಲ. ಬರುವ ಮಳೆಯೂ ಕೆಲವೇ ವಾರಗಳಲ್ಲಿ ಸುರಿದು ಹೋಗುತ್ತದೆ. ಆ ನೀರನ್ನು ತಡೆದು ನಿಲ್ಲಿಸಿದರೆ ಬದುಕು, ಬಿಟ್ಟುಕೊಟ್ಟರೆ ಬರ. ಹೀಗಾಗಿ ಇಲ್ಲಿಯ ಜನ ಕೆರೆಗಳನ್ನು ಕಟ್ಟಿದರು. ಹಳೆಯ ಮೈಸೂರು ಸೀಮೆಯ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರ ಸುಮಾರಿನಲ್ಲಿ ಈ ಸೀಮೆಯ ಕೆರೆಗಳನ್ನು ಪರಿಶೀಲಿಸಿ, ಹೊಸ ಕೆರೆಗೆ ಸ್ಥಳವನ್ನು ಹುಡುಕುವುದೇ ಕಷ್ಟವೆನ್ನುವಷ್ಟು ದಟ್ಟವಾಗಿ ಪೂರ್ವಿಕರು ಕೆರೆಗಳನ್ನು ಕಟ್ಟಿದ್ದಾರೆಂದು ಬೆರಗುಪಟ್ಟರು.

ಕೆರೆಯೆಂದರೆ ಮಣ್ಣಿನ ಒಡ್ಡು ಮತ್ತು ನೀರು ಮಾತ್ರವಲ್ಲ, ಅದೊಂದು ಸಂಸ್ಥೆ. ನೀರನ್ನು ತಡೆಯುವ ಏರಿ, ನೀರನ್ನು ಹೊರಬಿಡುವ ತೂಬು, ಹೆಚ್ಚಾದ ನೀರು ಹರಿದುಹೋಗುವ ಕೋಡಿ, ಗದ್ದೆಗಳಿಗೆ ಒಯ್ಯುವ ಕಾಲುವೆ, ಆ ನೀರನ್ನು ಉಣ್ಣುವ ಅಚ್ಚುಕಟ್ಟು - ಇಷ್ಟೂ ಅಂಗಗಳು ಸರಿಯಾಗಿದ್ದರೆ ಮಾತ್ರ ಕೆರೆ ಕೆರೆಯಾಗಿರುತ್ತದೆ. ಏರಿಯ ಮೇಲೆ ಗಿಡ ಬೇರೂರಿದರೆ ಒಡ್ಡು ಸಡಿಲವಾಗುತ್ತದೆ. ಹೂಳು ತುಂಬಿದರೆ ನೀರು ನಿಲ್ಲುವ ಜಾಗ ಕಡಮೆಯಾಗುತ್ತದೆ. ಆದುದರಿಂದ ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆಯಂಗಳದ ಗೋಡುಮಣ್ಣನ್ನು ತಮ್ಮ ಹೊಲಗಳಿಗೆ ಸಾಗಿಸುತ್ತಿದ್ದರು. ಅದರಿಂದ ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳ ದೊರೆಯಿತು. ಒಂದೇ ದುಡಿಮೆಯಿಂದ ಒಬ್ಬನ ಲಾಭವೂ ಎಲ್ಲರ ಲಾಭವೂ ಆಗುವಂತೆ ಕೆಲಸವನ್ನು ಹೊಂದಿಸುವುದು ನಿರ್ವಹಣೆಯ ಜಾಣ್ಮೆಗಳಲ್ಲಿ ಮೊದಲನೆಯದು.

ಈ ಸಂಸ್ಥೆಯ ನಡುವೆ ನಿಂತಿದ್ದವನು ನೀರುಗಂಟಿ. ತೂಬನ್ನು ಎತ್ತುವವನೂ ಇಳಿಸುವವನೂ ಅವನೊಬ್ಬನೇ. ಊರಿನ ಗೌಡನ ಗದ್ದೆಯೇ ಆಗಲಿ, ಬಡ ಒಕ್ಕಲಿನ ತುಂಡು ಭೂಮಿಯೇ ಆಗಲಿ, ಯಾವ ಮಡಿಗೆ ಎಷ್ಟು ಹೊತ್ತು ನೀರೆಂಬುದು ಸರದಿಯಂತೆ ನಡೆಯಬೇಕಾಗಿದ್ದಿತು. ಭೂಮಿಯುಳ್ಳವನು ತಾನೇ ಹೋಗಿ ತೂಬಿಗೆ ಕೈಹಾಕುವಂತಿರಲಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ತಿರುಗಾಡಿ, ಎಲ್ಲಿಯಾದರೂ ನೀರು ಜಿನುಗುತ್ತಿದ್ದರೆ ಊರನ್ನು ಎಬ್ಬಿಸುವ ಹೊಣೆಯೂ ಅವನದೇ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನಿಗೆ ಸಲ್ಲಬೇಕಾದ ಧಾನ್ಯದ ಪಾಲು ಸಲ್ಲುತ್ತಿತ್ತು. ಬೆಳೆ ಚೆನ್ನಾಗಿ ಬಂದರೆ ಅವನ ಪಾಲೂ ಹೆಚ್ಚು. ನೀರು ಪೋಲಾಗಿ ಬೆಳೆ ಒಣಗಿದರೆ ಅವನ ಮನೆಯಲ್ಲಿಯೂ ಒಲೆ ಉರಿಯದು. ಹೀಗೆ ಕೂಲಿಯನ್ನು ಕೆಲಸದ ಫಲಕ್ಕೆ ಗಂಟು ಹಾಕಿದ್ದರು.

ಕೆರೆ ಅರ್ಧವೇ ತುಂಬಿದ ವರ್ಷ ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆಯುತ್ತಿತ್ತು. ಇರುವ ನೀರಿನಲ್ಲಿ ಅಚ್ಚುಕಟ್ಟಿನ ಎಷ್ಟು ಭಾಗವನ್ನು ನಾಟಿ ಮಾಡಬೇಕು, ಭತ್ತ ಬೆಳೆಯಬೇಕೆ ರಾಗಿ ಬೆಳೆಯಬೇಕೆ ಎಂಬುದನ್ನು ಊರಿನ ಹಿರಿಯರು ಕುಳಿತು ತೀರ್ಮಾನಿಸುತ್ತಿದ್ದರು. ಗೌಡನು ತೀರ್ಮಾನವನ್ನು ಸಾರಿದರೆ, ಶಾನುಭೋಗನು ಭೂಮಿಯ ಲೆಕ್ಕವನ್ನು ಬರೆದಿಡುತ್ತಿದ್ದನು. ನೀರುಗಂಟಿಯು ಅದನ್ನು ನೆಲದ ಮೇಲೆ ಕಾರ್ಯಗತ ಮಾಡುತ್ತಿದ್ದನು. ತೀರ್ಮಾನ, ದಾಖಲೆ, ಕಾರ್ಯ - ಈ ಮೂರನ್ನೂ ಮೂವರಲ್ಲಿ ಹಂಚಿದ್ದುದರಿಂದ ಒಬ್ಬನು ತಪ್ಪಿದರೆ ಇನ್ನೊಬ್ಬನಿಗೆ ತಿಳಿಯುತ್ತಿತ್ತು. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಗೆ ಆಧಾರವಾದ ಕಡೆಗಳಲ್ಲಿ ಮೇಲಿನವರು ಕೋಡಿಯನ್ನು ತಮ್ಮಿಷ್ಟದಂತೆ ಎತ್ತರಿಸಿದರೆ ಕೆಳಗಿನವರು ಒಣಗಬೇಕಾಗುತ್ತಿತ್ತು. ಹೀಗಾಗಿ ಊರೊಳಗಿನ ಒಪ್ಪಂದದಂತೆಯೇ ಊರೂರುಗಳ ನಡುವಣ ಒಪ್ಪಂದವೂ ಅನಿವಾರ್ಯವಾಗಿದ್ದಿತು.

ಕೆರೆಯ ದುರಸ್ತಿಗೆ ಬೇಕಾದ ಹಣದ ಏರ್ಪಾಡೂ ಇದ್ದಿತು. ಕೆರೆಯನ್ನು ಕಟ್ಟಿಸಿದವರಿಗೆ ಅಥವಾ ಜೀರ್ಣೋದ್ಧಾರ ಮಾಡಿದವರಿಗೆ ಅದರ ಕೆಳಗಿನ ಭೂಮಿಯನ್ನು ಮಾನ್ಯವಾಗಿ ಕೊಡುವ ಪದ್ಧತಿಗೆ ಕಟ್ಟುಕೊಡಗೆಯೆಂದು ಹೆಸರು. ಕೆರೆಯ ರಕ್ಷಣೆಗಾಗಿ ಮೀಸಲಿಟ್ಟ ಭೂಮಿ ಅಥವಾ ಆದಾಯವನ್ನು ಶಾಸನಗಳು ಬಿತ್ತುವಟ್ಟವೆಂದು ಕರೆಯುತ್ತವೆ. ಕಟ್ಟುವಾಗಲೇ ಉಳಿಸಿಕೊಳ್ಳುವ ದಾರಿಯನ್ನೂ ಯೋಚಿಸಿದ್ದ ದೂರದೃಷ್ಟಿಗೆ ಇವು ಸಾಕ್ಷಿ.

ಕಟ್ಟುವುದಕ್ಕೆ ಮೊದಲಿನ ಯೋಚನೆಗೂ ಒಂದು ಅಪೂರ್ವ ಸಾಕ್ಷಿಯಿದೆ. ಪಿನಾಕಿನಿ ಹರಿಯುವ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನ ದೊರೆತಿದೆ. ವಿಜಯನಗರದ ರಾಜಪುತ್ರನಾದ ಭಾಸ್ಕರನು ಕಟ್ಟಿಸಿದ ಕೆರೆಯ ಶಾಸನವದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನು ಅದು ಎಣಿಸುತ್ತದೆ. ಧರ್ಮಿಷ್ಠನಾದ ದೊರೆ, ಜಲಶಾಸ್ತ್ರವನ್ನು ಬಲ್ಲ ಪಂಡಿತ, ಗಟ್ಟಿ ನೆಲ, ಸಿಹಿನೀರಿನ ನದಿ, ಹತ್ತಿರದಲ್ಲಿ ಕಲ್ಲಿನ ಗಣಿ, ಕೆಲಸ ಬಲ್ಲ ಜನರ ತಂಡ ಇವೇ ಮೊದಲಾದವು ಆ ಪಟ್ಟಿಯಲ್ಲಿವೆ. ಆರು ದೋಷಗಳನ್ನೂ ಅದು ಹೇಳುತ್ತದೆ. ಒಡ್ಡಿನಿಂದ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ಕೆರೆಯ ನಡುವೆ ದಿಬ್ಬ, ನೀರು ಕಡಮೆಯಾಗಿ ಭೂಮಿ ಹೆಚ್ಚಾಗಿರುವುದು, ಭೂಮಿ ಕಡಮೆಯಾಗಿ ನೀರು ಹೆಚ್ಚಾಗಿರುವುದು - ಇವು ಆ ದೋಷಗಳು. ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದು ಈ ಕೆರೆಯನ್ನು ಮುಗಿಸಿದರೆಂದು ಶಾಸನವು ತಿಳಿಸುತ್ತದೆ. ಮೂರು ಕಡೆ ಆಂಧ್ರದ ಗಡಿಯಿಂದ ಸುತ್ತುವರಿದ ಪಾವಗಡದವರಿಗೆ, ಗಡಿಯ ಕೆರೆಯನ್ನು ದೋಷವೆಂದು ಏಕೆ ಹೇಳಿದರೆಂಬುದು ಬೇಗ ಅರ್ಥವಾಗುತ್ತದೆ. ನೀರಿಗೆ ಇಬ್ಬರು ಒಡೆಯರಾದರೆ ದುರಸ್ತಿಗೆ ಒಬ್ಬನೂ ಇಲ್ಲದಂತಾಗುತ್ತದೆ.

ಹಳ್ಳಿಯ ಕೆರೆಯಿಂದ ರಾಜ್ಯದ ಆಡಳಿತಕ್ಕೆ ದೃಷ್ಟಿ ಹೊರಳಿಸಿದರೆ ಶಿರಾ ಪಟ್ಟಣ ಕಣ್ಣಿಗೆ ಬೀಳುತ್ತದೆ. 1687ರಲ್ಲಿ ಮೊಗಲರು ಇದನ್ನು ಒಂದು ಸುಬಾದ, ಎಂದರೆ ಪ್ರಾಂತದ, ರಾಜಧಾನಿಯನ್ನಾಗಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಅದಕ್ಕೆ ಸೇರಿದ್ದವು. ಊರಿನ ಪಟೇಲರ ಲೆಕ್ಕವನ್ನು ದೇಶಮುಖನು ಇತ್ಯರ್ಥಗೊಳಿಸಿದರೆ, ಶಾನುಭೋಗರ ಲೆಕ್ಕವನ್ನು ದೇಶಕುಲಕರ್ಣಿಯು ನೋಡುತ್ತಿದ್ದನು. ಸರ್ಕಾರದ ನಿಯಮಗಳನ್ನು ದಫ್ತರದಲ್ಲಿ ದಾಖಲು ಮಾಡಿ ಜನರಿಗೂ ಅಧಿಕಾರಿಗಳಿಗೂ ತಿಳಿಯಹೇಳುವುದು ಕಾನೂಗೋ ಎಂಬ ಅಧಿಕಾರಿಯ ಕೆಲಸವಾಗಿತ್ತು. ನಿಯಮವು ಅಧಿಕಾರಿಯ ಬಾಯಲ್ಲಿರದೆ ಪುಸ್ತಕದಲ್ಲಿರಬೇಕು, ಅದು ಜನರಿಗೂ ತಿಳಿದಿರಬೇಕು ಎಂಬ ತತ್ತ್ವಕ್ಕೆ ಇಲ್ಲಿ ಮನ್ನಣೆಯಿದೆ. ಇಂದಿಗೂ ಬಳಕೆಯಲ್ಲಿರುವ ದಫ್ತರ, ಜಮಾ, ವಸೂಲಿ, ತಹಸೀಲು ಮೊದಲಾದ ಕಚೇರಿಯ ಮಾತುಗಳು ಮುಸಲ್ಮಾನ ಅರಸರ ಕಾಲದ ಆಡಳಿತದ ಮೂಲಕ ಕನ್ನಡಕ್ಕೆ ಬಂದವು.

ಇವೆಲ್ಲಕ್ಕಿಂತಲೂ ಹಳೆಯದಾದ ಒಂದು ಬೇರು ಕರ್ನಾಟಕದಲ್ಲಿಯೇ ಬೆಳಕಿಗೆ ಬಂದುದು ಹೆಮ್ಮೆಯ ವಿಷಯ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ವಿದ್ವಾಂಸರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಯೋಲೆಯ ಒಂದು ಕಟ್ಟನ್ನು ಪರಿಶೀಲಿಸುವಾಗ ಅದು ಕಳೆದುಹೋಯಿತೆಂದು ಭಾವಿಸಲಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ಮೂಲಗ್ರಂಥವು 1909ರಲ್ಲಿಯೂ ಅವರ ಇಂಗ್ಲಿಷ್ ಅನುವಾದವು 1915ರಲ್ಲಿಯೂ ಪುಸ್ತಕರೂಪದಲ್ಲಿ ಪ್ರಕಟವಾದವು. ಟೇಲರ್ ಮತ್ತು ಫಯೋಲರ ಗ್ರಂಥಗಳು ಹೊರಬಂದ ಕಾಲವೂ ಅದೇ ಎಂಬುದು ಗಮನಾರ್ಹ. ಕೌಟಿಲ್ಯನು ಗಣಿ, ನೇಯ್ಗೆ, ವ್ಯವಸಾಯ, ತೂಕ ಅಳತೆ ಮುಂತಾದ ಒಂದೊಂದು ಇಲಾಖೆಗೂ ಅಧ್ಯಕ್ಷನನ್ನು ನೇಮಿಸಿ ಅವನ ಕರ್ತವ್ಯವನ್ನು ವಿವರಿಸುತ್ತಾನೆ. ಅಧಿಕಾರಿಗಳು ಸರ್ಕಾರದ ಹಣವನ್ನು ನುಂಗುವ ನಲವತ್ತು ಬಗೆಗಳನ್ನು ಎಣಿಸುತ್ತಾನೆ. ಹೊಸ ಕೆರೆಯನ್ನು ಕಟ್ಟಿದವರಿಗೆ ಐದು ವರ್ಷ, ಹಾಳಾದ ಕೆರೆಯನ್ನು ಸರಿಪಡಿಸಿದವರಿಗೆ ನಾಲ್ಕು ವರ್ಷ ಕಂದಾಯವನ್ನು ಬಿಡಬೇಕೆನ್ನುತ್ತಾನೆ. ಎಲ್ಲರೂ ಕೂಡಿ ಒಡ್ಡು ಕಟ್ಟುವಾಗ ತಪ್ಪಿಸಿಕೊಂಡವನು ತನ್ನ ಆಳನ್ನೂ ಎತ್ತುಗಳನ್ನೂ ಕಳುಹಿಸಬೇಕು, ಖರ್ಚಿನಲ್ಲಿ ಪಾಲು ಕೊಡಬೇಕು, ಆದರೆ ಲಾಭದಲ್ಲಿ ಅವನಿಗೆ ಪಾಲಿಲ್ಲ ಎಂಬುದು ಅವನ ಕಟ್ಟಳೆ.

ಹೀಗೆಂದ ಮಾತ್ರಕ್ಕೆ ಇಂದಿನ ಶಾಸ್ತ್ರವೆಲ್ಲ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತೆಂದು ಬೀಗುವುದು ವಿವೇಕವಲ್ಲ. ಬೇರು ಬೇರೆ, ಮರ ಬೇರೆ. ಹಳೆಯ ವ್ಯವಸ್ಥೆಯಲ್ಲಿ ಮರೆಯಲಾಗದ ಒಂದು ಅನ್ಯಾಯವೂ ಇದ್ದಿತು. ನೀರುಗಂಟಿ, ತೋಟಿ, ತಳವಾರರ ಕೆಲಸಗಳು ಹುಟ್ಟಿನಿಂದ ಅಂಟಿಕೊಂಡ ಕೆಲಸಗಳಾಗಿದ್ದವು. ಬಹು ಕಡೆಗಳಲ್ಲಿ ನೀರುಗಂಟಿಯು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಸಮುದಾಯಕ್ಕೆ ಸೇರಿದವನು. ಊರಿಗೆಲ್ಲ ನೀರು ಹಂಚುವವನಿಗೆ ಊರಿನ ಬಾವಿಯ ನೀರನ್ನು ಮುಟ್ಟುವ ಹಕ್ಕಿರಲಿಲ್ಲ. ಅವನ ಮಗನು ಎಷ್ಟೇ ಬುದ್ಧಿವಂತನಾದರೂ ತೂಬಿನ ಕೆಲಸವನ್ನು ಬಿಟ್ಟು ಲೆಕ್ಕದ ಕೆಲಸಕ್ಕೆ ಏರುವಂತಿರಲಿಲ್ಲ. ಏರಿಯ ಮೇಲೆ ನಡೆದ ದುಡಿಮೆಯಲ್ಲಿ ಒಪ್ಪಿ ಮಾಡಿದುದರ ಜೊತೆಗೆ ಬಿಟ್ಟಿಯಾಗಿ ಮಾಡಿಸಿಕೊಂಡುದೂ ಇದ್ದಿತು. ಹನ್ನೆರಡನೆಯ ಶತಮಾನದ ಶರಣರು ಯಾವ ಕಾಯಕವೂ ಕೀಳಲ್ಲವೆಂದು ಸಾರಿದ ನಾಡಿನಲ್ಲಿಯೇ ಇದು ನಡೆಯಿತೆಂಬುದನ್ನು ನೆನೆದರೆ, ತತ್ತ್ವಕ್ಕೂ ಆಚರಣೆಗೂ ನಡುವೆ ಎಷ್ಟು ದೂರವಿರಬಲ್ಲುದೆಂಬುದು ತಿಳಿಯುತ್ತದೆ.

ಪಶ್ಚಿಮದ ಶಾಸ್ತ್ರವೂ ಇದೇ ಬಗೆಯ ಪಾಠವನ್ನು ಕಲಿಯಬೇಕಾಯಿತು. ಟೇಲರನ ಪದ್ಧತಿಯಲ್ಲಿ ಯೋಚಿಸುವವರು ಒಬ್ಬರು, ದುಡಿಯುವವರು ಇನ್ನೊಬ್ಬರು. ಗಡಿಯಾರ ಹಿಡಿದು ತಮ್ಮನ್ನು ಅಳೆಯುವುದನ್ನು ವಿರೋಧಿಸಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದ ಕಾರ್ಮಿಕರು 1911ರಲ್ಲಿ ಮುಷ್ಕರ ಹೂಡಿದರು. ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳ ಆಧಾರದ ಮೇಲೆ ಎಲ್ಟನ್ ಮೇಯೋ ಮೊದಲಾದವರು, ಕೆಲಸಗಾರನು ಕೂಲಿಗೆ ಮಾತ್ರವಲ್ಲದೆ ತನಗೆ ದೊರೆಯುವ ಆದರಕ್ಕೂ ಜೊತೆಗಾರರ ಸ್ನೇಹಕ್ಕೂ ಓಗೊಡುತ್ತಾನೆಂದು ವಾದಿಸಿದರು. ಮೇರಿ ಪಾರ್ಕರ್ ಫಾಲೆಟ್ ಎಂಬ ಮಹಿಳೆಯು, ಇನ್ನೊಬ್ಬರ ಮೇಲೆ ಚಲಾಯಿಸುವ ಅಧಿಕಾರಕ್ಕಿಂತ ಇನ್ನೊಬ್ಬರೊಡನೆ ಕೂಡಿ ಬಳಸುವ ಶಕ್ತಿ ಮೇಲೆಂದು ಪ್ರತಿಪಾದಿಸಿದಳು. ಮನುಷ್ಯನನ್ನು ಮರೆತ ನಿರ್ವಹಣೆ ಎಲ್ಲಿಯೂ ಬಹುಕಾಲ ಬಾಳಲಿಲ್ಲ.

ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಕೆರೆಗಳ ಹೊಣೆ ಕ್ರಮೇಣ ಊರಿನ ಕೈಯಿಂದ ಸರ್ಕಾರದ ಇಲಾಖೆಗಳ ಕೈಗೆ ಹೋಯಿತು. 1961ರ ಗ್ರಾಮಹುದ್ದೆಗಳ ರದ್ದಿಯಾತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಹುಟ್ಟಿನ ಕಟ್ಟು ಕಳಚಿದುದು ನ್ಯಾಯವೇ ಸರಿ. ಆದರೆ ನೀರುಗಂಟಿಯ ಹುದ್ದೆಯೊಡನೆ ಅವನು ಮಾಡುತ್ತಿದ್ದ ಕೆಲಸವೂ ಅನಾಥವಾಯಿತು. ಅನಂತರದ ದಶಕಗಳಲ್ಲಿ ಕೊಳವೆಬಾವಿಗಳು ಬಂದವು. ತನ್ನ ಹೊಲದಲ್ಲಿಯೇ ನೀರು ದೊರೆಯುವಾಗ ಕೆರೆಯ ಚಿಂತೆ ಯಾರಿಗೆ? ಹೂಳು ತುಂಬಿತು, ಏರಿಯ ಮೇಲೆ ಜಾಲಿ ಬೆಳೆಯಿತು. ಕೆರೆ ಬತ್ತಿದಂತೆ ಅಂತರ್ಜಲವೂ ಇಳಿಯಿತು. ಪಾವಗಡದ ಎಷ್ಟೋ ಹಳ್ಳಿಗಳಲ್ಲಿ ಆಳದಿಂದ ಮೇಲೆತ್ತಿದ ನೀರಿನೊಡನೆ ಫ್ಲೋರೈಡು ಬಂದು ಜನರ ಹಲ್ಲು ಮೂಳೆಗಳನ್ನು ಕೆಡಿಸಿತು. ಎಲ್ಲರದೂ ಆದುದು ಯಾರದೂ ಅಲ್ಲದಂತಾದಾಗ ಆಗುವ ಹಾನಿ ಇದು.

ಇಂತಹ ಹಾನಿಯನ್ನು ತಪ್ಪಿಸಲು ಜನರೇ ನಿಯಮ ಮಾಡಿಕೊಂಡು ಬಾಳಬಲ್ಲರೆ ಎಂಬ ಪ್ರಶ್ನೆಯನ್ನು ಅಮೆರಿಕದ ಎಲಿನಾರ್ ಆಸ್ಟ್ರಂ ತನ್ನ ಜೀವನದ ಅಧ್ಯಯನವನ್ನಾಗಿ ಮಾಡಿಕೊಂಡಳು. ಸ್ಪೇನಿನ ಕಾಲುವೆಗಳು, ಫಿಲಿಪ್ಪೀನ್ಸಿನ ನೀರಾವರಿ ಸಂಘಗಳು ಮೊದಲಾದವನ್ನು ಪರಿಶೀಲಿಸಿ 1990ರಲ್ಲಿ ಎಂಟು ತತ್ತ್ವಗಳನ್ನು ಮಂಡಿಸಿದಳು. ಯಾರಿಗೆ ಹಕ್ಕಿದೆಯೆಂಬುದು ಸ್ಪಷ್ಟವಾಗಿರಬೇಕು. ನಿಯಮಗಳು ಸ್ಥಳಕ್ಕೆ ತಕ್ಕಂತಿರಬೇಕು. ನಿಯಮ ಮಾಡುವುದರಲ್ಲಿ ಬಳಸುವವರಿಗೆ ಪಾಲಿರಬೇಕು. ಕಾಯುವವನು ಬಳಸುವವರಿಗೆ ಹೊಣೆಗಾರನಾಗಿರಬೇಕು. ಶಿಕ್ಷೆಯು ತಪ್ಪಿಗೆ ತಕ್ಕಷ್ಟಿರಬೇಕು - ಇವು ಅವುಗಳಲ್ಲಿ ಕೆಲವು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ಆಕೆ. ಈ ತತ್ತ್ವಗಳಲ್ಲಿ ಹಲವು ನಮ್ಮ ಕೆರೆಯೇರಿಗಳ ಮೇಲೆ ಬಳಕೆಯಲ್ಲಿದ್ದವು. ಎಲ್ಲರಿಗೂ ಸಮಾನವಾದ ಮಾತಿನ ಹಕ್ಕು ಮಾತ್ರ ಇರಲಿಲ್ಲ. 2002ರಲ್ಲಿ ರಾಜ್ಯದಲ್ಲಿ ಜಲಸಂವರ್ಧನೆಯ ಯೋಜನೆಯು ಆರಂಭವಾದಾಗ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದುದು ಈ ಎರಡನ್ನೂ ಕೂಡಿಸುವ ಪ್ರಯತ್ನವೇ ಆಗಿದೆ.

ಪ್ರಶ್ನೆ ಹಳೆಯದಾದರೂ ಹೊಸ ವೇಷದಲ್ಲಿ ಮರಳಿ ಬರುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ 2018ರ ಮಾರ್ಚ್ ತಿಂಗಳಿನಲ್ಲಿ ಸೌರವಿದ್ಯುತ್ ಉದ್ಯಾನವು ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ 2,050 ಮೆಗಾವಾಟುಗಳು. ಇಲ್ಲಿ ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ಆರಂಭದ ದರ ಗೊತ್ತಾಯಿತು. ಮಳೆ ಬಾರದ ನೆಲಕ್ಕೆ ಬಿಸಿಲೇ ಬೆಳೆಯಾಯಿತು. ಭೂಮಿಯ ಒಡೆತನವೂ ಉಳಿಯಿತು. ಇದು ಜಾಣತನದ ಏರ್ಪಾಡು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಅವರ ದುಡಿಮೆಯ ನೆಲ ಬೇಲಿಯೊಳಗೆ ಸೇರಿತು. ಬಳಸಮುದ್ರವೆಂಬ ಹೆಸರಿನ ಕೊನೆಯಲ್ಲಿರುವ ‘ಸಮುದ್ರ’ ಎಂಬ ಪದವನ್ನು ಹಿಂದಿನವರು ದೊಡ್ಡ ಕೆರೆಗೆ ಬಳಸುತ್ತಿದ್ದರು. ಅಂದು ನೀರನ್ನು ಹಂಚುವಾಗ ಎದುರಾದ ಪ್ರಶ್ನೆಯೇ ಇಂದು ಬಿಸಿಲನ್ನು ಹಂಚುವಾಗಲೂ ಎದುರಾಗಿದೆ.

ನಿರ್ವಹಣೆಯೆಂದರೆ ಕಡಮೆ ಖರ್ಚಿನಲ್ಲಿ ಹೆಚ್ಚು ಫಲ ಪಡೆಯುವ ಉಪಾಯವೆಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಸಲಿಕೆಯ ಅಳತೆಯನ್ನು ಕಂಡುಹಿಡಿಯುವುದು ಒಂದು ಜಾಣ್ಮೆ; ಸಲಿಕೆ ಹಿಡಿದವನ ಮಾತನ್ನು ಕೇಳುವುದು ಅದಕ್ಕಿಂತ ದೊಡ್ಡ ಜಾಣ್ಮೆ. ಫಯೋಲನ ಹದಿನಾಲ್ಕು ಸೂತ್ರಗಳ ಪಟ್ಟಿಯಲ್ಲಿ ನ್ಯಾಯದೃಷ್ಟಿಗೆ ದೊರೆತುದು ಹನ್ನೊಂದನೆಯ ಸ್ಥಾನ. ಆದರೆ ಕಾಲುವೆಯ ಕೊನೆಯ ಮಡಿಯವನಿಗೆ ಅದೇ ಮೊದಲನೆಯದು. ನೀರು ಅಲ್ಲಿಯವರೆಗೆ ಮುಟ್ಟಿತೆ ಎಂದು ನೋಡಿದರೆ ಕೆರೆಯ ಆಡಳಿತ ಹೇಗಿದೆಯೆಂಬುದು ತಿಳಿಯುತ್ತದೆ. ಸಂಘವಾಗಲಿ, ಕಾರ್ಖಾನೆಯಾಗಲಿ, ಸರ್ಕಾರವಾಗಲಿ, ಅದನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲಿಲ್ಲ.

ಅಭ್ಯಾಸ

1. ನೀರುಗಂಟಿಯ ಹೊಣೆಗಳಾವುವು? ಅವನ ಕೂಲಿಯನ್ನು ಕೆಲಸದ ಫಲಕ್ಕೆ ಹೇಗೆ ಹೊಂದಿಸಿದ್ದರು?
2. ಪೋರುಮಾಮಿಳ್ಳದ ಶಾಸನವು ಹೇಳುವ ಕೆರೆಯ ದೋಷಗಳನ್ನು ಪಟ್ಟಿ ಮಾಡಿರಿ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಏಕೆ ದೋಷ?
3. ‘ಬೇರು ಬೇರೆ, ಮರ ಬೇರೆ’ - ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ವಿವರಿಸಿರಿ.
4. ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡುದರಿಂದ ಆದ ಒಳಿತು ಯಾವುದು? ಆದ ನಷ್ಟ ಯಾವುದು?
5. ನಿಮ್ಮ ಊರಿನ ಕೆರೆಯನ್ನು ನೋಡಿ ಬಂದು, ಅದರ ಏರಿ, ತೂಬು, ಕೋಡಿ, ಕಾಲುವೆಗಳ ಇಂದಿನ ಸ್ಥಿತಿಯನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.